ಎಡಗೈಯ ನಾದ

ವಿಷ್ಣುಮೂರ್ತಿಯವರು ಮದ್ರಾಸಿನ ಅಂಚಿನ ಪಲ್ಲಾವರಂನ ತಮ್ಮ ಮನೆಯಲ್ಲಿ ಹಗಲು ಹೊತ್ತು ಕೂತದ್ದು ನಿವೃತ್ತರಾದ ಮೇಲೆಯೇ. ಅದಕ್ಕೆ ಮೊದಲು ನಲವತ್ತು ವರ್ಷ ಅವರ ಹಗಲೆಲ್ಲ ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕಳೆದಿತ್ತು. ಕರಾವಳಿಯ ಕೋಟದ ಹತ್ತಿರದ ಊರಿನಿಂದ ಹದಿನೆಂಟನೆಯ ವಯಸ್ಸಿಗೆ ಬಂದವರು ಮೊದಲು ಮೇಜು ಒರೆಸಿದರು, ಆಮೇಲೆ ಹಿಟ್ಟು ರುಬ್ಬುವ ಯಂತ್ರದ ಎದುರು ನಿಂತರು, ಹನ್ನೊಂದು ವರ್ಷ ದೋಸೆ ಕಾವಲಿಯ ಮುಂದೆ ಬೆವರಿದರು. ಮುಂದೆ ಬೆಳಗಾಗುವ ಮೊದಲೇ ಕೋಯಂಬೇಡು ಮಾರುಕಟ್ಟೆಗೆ ಹೋಗಿ ತರಕಾರಿ ಆರಿಸಿ ತರುವ ಕೆಲಸ ಅವರದಾಯಿತು. ಕೊನೆಗೆ ಬಿಳಿ ಅಂಗಿ ತೊಟ್ಟು ಬಾಗಿಲ ಬಳಿ ನಿಂತು ಬಂದವರಿಗೆ ಜಾಗ ತೋರಿಸುವ ಸೂಪರ್‌ವೈಸರ್ ಆದರು.

ಆ ಹೋಟೆಲಿನ ಅಡುಗೆಮನೆಯಲ್ಲಿ ಮಾತಾಡುವುದೆಂದರೆ ಕೂಗುವುದು. ರುಬ್ಬುವ ಯಂತ್ರ, ಹೊಗೆ ಎಳೆಯುವ ಫ್ಯಾನು, ತೊಟ್ಟಿಗೆ ಬೀಳುವ ಸ್ಟೀಲ್ ತಟ್ಟೆಗಳು ಎಲ್ಲವೂ ಒಟ್ಟಿಗೆ. ಅದರಿಂದಲೇ ಇರಬೇಕು, ಮನೆಯಲ್ಲೂ ಅವರ ದನಿ ದೊಡ್ಡದು, ಮಾತು ಕಡಿಮೆ. ಹೆಂಡತಿ ಸರಸ ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರ ಊರಿನ ಬಗ್ಗೆ, ಅಪ್ಪನ ಬಗ್ಗೆ, ಗದ್ದೆಯ ಬಗ್ಗೆ ಕೇಳಿದ್ದರು. ಆದರೆ ಗಂಡ ಹುಡುಗನಾಗಿದ್ದಾಗ ಮದ್ದಳೆ ಬಾರಿಸುತ್ತಿದ್ದರೆಂಬ ಒಂದು ಮಾತನ್ನು ಮಾತ್ರ ಕೇಳಿರಲಿಲ್ಲ.

ಅದು ಗೊತ್ತಾದದ್ದು ಹರಿದಾಸರು ಕಳಿಸಿದ ಒಂದು ವಾಟ್ಸಾಪ್ ಸಂದೇಶದಿಂದ. ಹರಿದಾಸರು ಊರಿನ ಗೆಳೆಯ, ಶಾಲೆಯಲ್ಲಿ ಒಂದೇ ಬೆಂಚು. ಅಂಚೆ ಕಚೇರಿಯಿಂದ ನಿವೃತ್ತರಾಗಿ ಊರಲ್ಲೇ ಇದ್ದರು. ಒಂದು ಬೆಳಿಗ್ಗೆ ಇಪ್ಪತ್ತೆರಡು ನಿಮಿಷದ ಧ್ವನಿಮುದ್ರಣ ಕಳಿಸಿ ಕೆಳಗೆ ಬರೆದಿದ್ದರು: "೧೯೮೩. ನಮ್ಮ ಶಾಲೆಯಲ್ಲಿ ಆದ ತಾಳಮದ್ದಳೆ. ಮದ್ದಳೆಗೆ ಕೂತದ್ದು ನೀನು. ನೆನಪುಂಟಾ?"

ವಿಷ್ಣುಮೂರ್ತಿ ಕಾಫಿ ಲೋಟ ಕೆಳಗಿಟ್ಟರು. ನೆನಪಿಲ್ಲದೆ ಏನು. ಮಳೆಗಾಲದ ಭಾನುವಾರ, ಮಧ್ಯಾಹ್ನದ ಹೊತ್ತು. ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ. ಹಾಡುವ ಭಾಗವತರು ಜಾಗಟೆ ಹಿಡಿದು ನಡುವೆ, ಅವರ ಬಲಕ್ಕೆ ಅರ್ಥ ಹೇಳುವವರು, ಎಡಕ್ಕೆ ತೊಡೆಯ ಮೇಲೆ ಮದ್ದಳೆ ಇಟ್ಟುಕೊಂಡು ತಾವು. ದುಬಾಯಿಯಿಂದ ಬಂದಿದ್ದ ಯಾರೋ ಟೇಪ್ ರೆಕಾರ್ಡರನ್ನು ಮದ್ದಳೆಯ ಪಕ್ಕದಲ್ಲೇ ಚಾಪೆಯ ಮೇಲೆ ಇಟ್ಟಿದ್ದರು. ಭಾಗವತರ ಮನೆಯ ಜಗಲಿಯಲ್ಲಿ ನಾಲ್ಕು ವರ್ಷ ಕಲಿತ ಮೇಲೆ ಸಭೆಯ ಎದುರು ಪೂರ್ತಿ ಒಂದು ಪ್ರಸಂಗಕ್ಕೆ ಕೂತದ್ದು ಅದೇ ಮೊದಲು. ಅದೇ ಕೊನೆಯೂ ಆಯಿತು.

ಅವರು ಫೋನನ್ನು ಕಿವಿಗೆ ಹಿಡಿದು ಕೇಳಿದರು. ಭಾಗವತರ ಕಂಠ ಬಂತು, ಜಾಗಟೆಯ ಠಣ್ ಠಣ್ ಬಂತು, ಸಭೆಯಲ್ಲಿ ಯಾರೋ ಕೆಮ್ಮಿದ್ದೂ ಬಂತು. ಮದ್ದಳೆಯ ಜಾಗದಲ್ಲಿ ಮಾತ್ರ ಬೆಂಕಿಪೊಟ್ಟಣ ಕುಟ್ಟಿದ ಹಾಗೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು. ಮತ್ತೊಮ್ಮೆ ಹಾಕಿದರು. ಮೂರನೆಯ ಸಲ ಹಾಕುವಾಗ ಸರಸ ಅಡುಗೆಮನೆಯಿಂದ ಬಂದರು.

"ಹ್ವಾಯ್, ಬೆಳಿಗ್ಗಿಂದ ಅದನ್ನೇ ತಿರ್ಗಿಸಿ ತಿರ್ಗಿಸಿ ಕೇಂತಿದ್ರಿ. ಎಂತ ಇತ್ತ್ ಅದ್ರಗೆ?"

"ನನ್ ಕೈ ಇತ್ತ್," ಎಂದರು ವಿಷ್ಣುಮೂರ್ತಿ. ಮದ್ದಳೆ ಕೇಳಿಸದ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಹೇಳಿದರು: "ಆದ್ರೆ ಕೇಂತಿಲ್ಲೆ."

ಹಾಗೆ ಸರಸರಿಗೆ ವಿಷಯ ತಿಳಿಯಿತು. ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. ವಿಷ್ಣುಮೂರ್ತಿ, "ಹೇಳುಕೆ ಎಂತ ಇತ್ತ್, ಬಿಟ್ಟ್ ಬಂದದ್ದಲ್ದಾ," ಎಂದು ಕಿಟಕಿಯ ಕಡೆ ನೋಡಿದರು.

ತಮ್ಮ ಕಿವಿಯೇ ಹೋಗಿರಬೇಕು ಎಂದುಕೊಂಡರು ಅವರು. ಅಷ್ಟು ವರ್ಷ ಯಂತ್ರದ ಎದುರು ನಿಂತವನಿಗೆ ಇನ್ನೇನು ಉಳಿದೀತು? ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ವೀಕ್ಷಾ ಒಂದು ಶನಿವಾರ ಅವರನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಪರೀಕ್ಷೆ ಮಾಡಿದ ಹೆಂಗಸು ಕಾಗದದ ಮೇಲಿನ ಗೆರೆಯನ್ನು ತೋರಿಸಿದರು. ಹಕ್ಕಿಯ ಚಿಲಿಪಿಲಿ, ಗೆಜ್ಜೆಯಂಥ ಸಣ್ಣ ಮೇಲುಸದ್ದುಗಳು ಮಾಸಿವೆ, ಅದು ಯಂತ್ರಗಳ ಉಪದ್ರ. ತಗ್ಗಿನ ಗಟ್ಟಿ ಸದ್ದುಗಳು ಚೆನ್ನಾಗಿಯೇ ಕೇಳುತ್ತವೆ.

ಹೊರಗೆ ಬಂದ ಮೇಲೆ ವೀಕ್ಷಾ, "ಅಪ್ಪಾ, ಉಂಗ ಕಾದು ಓಕೆ. ಪ್ರಾಬ್ಲೆಮ್ ಫೋನ್‌ದು. ಅಷ್ಟು ಚಿಕ್ಕ ಸ್ಪೀಕರಲ್ಲಿ ಬೇಸ್ ವರಾದು ಪಾ," ಎಂದಳು. ಕಿವಿ ಸರಿಯಿದೆ, ಫೋನಿನಲ್ಲೇ ತಗ್ಗಿನ ಸದ್ದು ಬರುವುದಿಲ್ಲ ಎಂದು. ಅವಳ ಮಾತು ಯಾವಾಗಲೂ ಹೀಗೆ ತಮಿಳು ಬೆರೆತದ್ದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಬಾಯಿಗೆ ಮೊದಲು ಬಂದ ಭಾಷೆಯಲ್ಲಿ.

ವಿಷ್ಣುಮೂರ್ತಿಗೆ ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಮದ್ದಳೆಯ ಎಡದ ಚರ್ಮದ ಮುಚ್ಚಿಗೆಗೆ ಅನ್ನ, ಬೂದಿ ಕಲಸಿದ ಬೋನವನ್ನು ಹಚ್ಚಿ ಬಾರಿಸಿದರೆ ಬರುವ ನಾದ ತಗ್ಗಿನದು, ಬಾವಿಯೊಳಗಿಂದ ಬಂದಂಥದು. ಅದನ್ನು ಕೇಳುವ ಕಿವಿ ಇನ್ನೂ ಇದೆ. ಕೇಳಿಸುವ ದಾರಿಯೊಂದು ಸಿಗಬೇಕು ಅಷ್ಟೆ.

ಅಂದಿನಿಂದ ಮನೆಯಲ್ಲಿ ಶುರುವಾಯಿತು. ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫೋನಿನ ಕೆಳಗಿನ ಸಣ್ಣ ಜಾಲರಿಯನ್ನು ತಿಕ್ಕಿದರು. ಕೂತಿದ್ದ ಧೂಳು ಹೋಗಿ ಭಾಗವತರ ದನಿ ಸ್ವಚ್ಛವಾಯಿತು, ಮದ್ದಳೆ ಬರಲಿಲ್ಲ. ಫೋನನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿದರು. ಸದ್ದು ದೊಡ್ಡದಾಯಿತು, ಜೊತೆಗೆ ಪಾತ್ರೆಯೂ ಹಾಡತೊಡಗಿತು. ಸರಸರ ಮಣ್ಣಿನ ಮೊಸರುಗಡಿಗೆಯಲ್ಲಿ ಇಟ್ಟರು. ದನಿ ದುಂಡಗಾಯಿತು, ಮಾತುಗಳು ಮುದ್ದೆಯಾದವು. "ನಾಳೆ ಮೊಸರ್ ಎಲ್ ಹೆಪ್ಪ್ ಹಾಕುದ್?" ಎಂದು ಸರಸ ಗಡಿಗೆಯನ್ನು ಕಿತ್ತುಕೊಂಡು ಹೋದರು.

ವೀಕ್ಷಾ ಫೋನನ್ನು ಟಿವಿಗೆ ಸೇರಿಸಿ ಕೊಟ್ಟಳು. ಗೋಡೆಗೆ ಒತ್ತಿ ನೇತುಹಾಕಿದ ತೆಳ್ಳಗಿನ ಟಿವಿಯ ಸ್ಪೀಕರುಗಳು ಹಿಂಭಾಗದಲ್ಲಿದ್ದವು. ಸದ್ದು ಗೋಡೆಗೆ ಬಡಿದು ಬರುತ್ತಿತ್ತು. ಸೆಟ್ಟಿಂಗಿನಲ್ಲಿ ಮಾತು ಸ್ಪಷ್ಟವಾಗಲೆಂದು ತಗ್ಗಿನ ಸ್ವರವನ್ನು ಕಡಿಮೆ ಮಾಡುವ ಆಯ್ಕೆ ಚಾಲೂ ಇತ್ತು. ಅದನ್ನು ತೆಗೆದರೆ ಮದ್ದಳೆಯ ಬಲದ ಪೆಟ್ಟುಗಳು ಒಂದಿಷ್ಟು ಬಿಡಿಸಿಕೊಂಡವು. ಎಡಗೈ ಮಾತ್ರ ಇರುವ ಸುಳಿವೇ ಇಲ್ಲ.

"ಅಂಕಲ್ ಎಪ್ಪಡಿ ಕಳ್ಸಿದ್ರು ಇದನ್ನ?" ಎಂದು ಕೇಳಿದಳು ವೀಕ್ಷಾ. ಹೇಗೆ ಕಳಿಸಿದರೆಂದು ಹರಿದಾಸರನ್ನೇ ಕೇಳಿದರೆ, ಅವರ ಮಗ ಕಂಪ್ಯೂಟರಿನಲ್ಲಿ ಕ್ಯಾಸೆಟ್ಟನ್ನು ಇಳಿಸಿಟ್ಟಿದ್ದ. ಹರಿದಾಸರು ಅದನ್ನು ಕಂಪ್ಯೂಟರಿನ ಎದುರು ಫೋನು ಹಿಡಿದು ಮತ್ತೆ ರೆಕಾರ್ಡ್ ಮಾಡಿ ಕಳಿಸಿದ್ದರು. ನೆರಳಿನ ನೆರಳು. ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ವೀಕ್ಷಾ ಅವರಿಗೆ ಫೋನಿನಲ್ಲಿ ಹಂತ ಹಂತವಾಗಿ ಹೇಳಿಕೊಟ್ಟಳು. ಅದು ಬಂದು ತಲುಪಲು ಎರಡು ದಿನ ಹಿಡಿಯಿತು. ಆ ಎರಡು ದಿನ ವಿಷ್ಣುಮೂರ್ತಿಗೆ ಊಟ ರುಚಿಸಲಿಲ್ಲ.

ಇನ್ನು ಬೇಕಾದದ್ದು ಒಳ್ಳೆಯ ಸ್ಪೀಕರು. ಹೊಸದು ತರೋಣವೆಂದು ವೀಕ್ಷಾ ಹೇಳಿದರೂ ಅವರು ಶುಕ್ರವಾರ ಚೀಲ ಹಿಡಿದು ಪಲ್ಲಾವರಂ ಸಂತೆಗೆ ನಡೆದರು. ಅಲ್ಲಿ ಗಿಡ, ಗಡಿಯಾರ, ಹಳೆಯ ಬಾಗಿಲು, ಮುರಿದ ಸೈಕಲ್ಲು ಎಲ್ಲವೂ ಬಿಸಿಲಿಗೆ ಹರಡಿರುತ್ತವೆ. ಹಳೆಯ ರೇಡಿಯೊ ಮಾರುವ ಒಬ್ಬ ಮುದುಕನ ಬಳಿ ಮೊಣಕಾಲೆತ್ತರದ ಎರಡು ಮರದ ಪೆಟ್ಟಿಗೆಗಳಿದ್ದವು, ಜೊತೆಗೆ ಒಂದು ಪುಟ್ಟ ಆಂಪ್ಲಿಫೈಯರು. ವಿಷ್ಣುಮೂರ್ತಿ ಪೆಟ್ಟಿಗೆಯ ಪಕ್ಕವನ್ನು ಬೆರಳಿನಿಂದ ತಟ್ಟಿದರು. ಸದ್ದು ಟೊಳ್ಳಾಗಿರದೆ ಗಟ್ಟಿಯಾಗಿತ್ತು. ತಟ್ಟಿದ ಬೆರಳನ್ನು ಮುದುಕ ನೋಡಿದ.

"ಸಾರ್ ಮಿರುದಂಗಮಾ?" ಎಂದು ಕೇಳಿದ.

ವಿಷ್ಣುಮೂರ್ತಿಗೆ ನಾಚಿಕೆಯಾಯಿತು. "ಇಲ್ಲೈಯ್ಯಾ, ಹೋಟೆಲ್," ಎಂದರು.

ಮುದುಕ ನಕ್ಕು, ಸ್ಪೀಕರಿನ ಸುತ್ತ ಪುಡಿಯಾಗಿದ್ದ ಅಂಚಿಗೆ ಹೊಸ ರಬ್ಬರು ಹಾಕಿಕೊಟ್ಟು, ತನ್ನ ಫೋನ್ ನಂಬರನ್ನು ರಟ್ಟಿನ ಚೂರಿನ ಮೇಲೆ ಬರೆದುಕೊಟ್ಟ.

ಮನೆಯಲ್ಲಿ ಪೆಟ್ಟಿಗೆಗಳಿಗೆ ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಮೂಲೆಯಲ್ಲಿಟ್ಟರೆ ಕೋಣೆಯೆಲ್ಲ ಗುಂಯ್ ಎನ್ನುತ್ತಿತ್ತು. ಗೋಡೆಯಿಂದ ಒಂದು ಮೊಳ ಮುಂದೆ ತಂದು, ಎರಡು ಸ್ಟೂಲುಗಳ ಮೇಲೆ ಏರಿಸಿ, ಕುರ್ಚಿಯಲ್ಲಿ ಕೂತರೆ ತಮ್ಮ ಕಿವಿಯೆತ್ತರಕ್ಕೆ ಬರುವಂತೆ ನಿಲ್ಲಿಸಿದರು. ಟೈಲ್ಸ್ ನೆಲ ಸದ್ದನ್ನು ಎಸೆಯುತ್ತದೆಂದು ಮದುವೆಯ ಕಾಲದ ಜಮಖಾನವನ್ನು ಅಟ್ಟದಿಂದ ಇಳಿಸಿ ಹಾಸಿದರು. ಬರಿಯ ಗೋಡೆಗೆ ದಪ್ಪ ಪರದೆ ಬಂತು. ಮೇಲೆ ವಿಮಾನ ಹಾದುಹೋಗುವಾಗ ಮಾತ್ರ ಮಾಡುವಂಥದ್ದು ಏನೂ ಇರಲಿಲ್ಲ, ಕೈಕಟ್ಟಿ ಕಾಯಬೇಕು. ಹಳೆಯ ಕಾಲಿಂಗ್ ಬೆಲ್ಲಿನ ಒಂದೇ ಬಣ್ಣದ ವಯರನ್ನು ಕತ್ತರಿಸಿ ಎರಡೂ ಪೆಟ್ಟಿಗೆಗೆ ಜೋಡಿಸಿ, ಸ್ವಿಚ್ಚು ಹಾಕಿದರು.

ಭಾಗವತರು ಕೋಣೆಯೊಳಗೆ ಬಂದು ಕೂತ ಹಾಗಾಯಿತು. ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಆದರೆ ಮದ್ದಳೆ ಅದೇ ಬೆಂಕಿಪೊಟ್ಟಣ.

ವಿಷ್ಣುಮೂರ್ತಿ ಸ್ವಿಚ್ಚು ತೆಗೆದರು. ಆ ದಿನ ಮತ್ತೆ ಹಾಕಲಿಲ್ಲ. ಬಹುಶಃ ಕ್ಯಾಸೆಟ್ಟಿನಲ್ಲೇ ಇಲ್ಲ, ಬಹುಶಃ ಆ ಕೈಗೆ ನಾದವೇ ಇರಲಿಲ್ಲ, ಇಷ್ಟು ಕಾಲ ತಾವು ಹಂಬಲಿಸಿದ್ದು ಇಲ್ಲದ್ದಕ್ಕೆ ಎಂದು ಮನಸ್ಸು ಹೇಳತೊಡಗಿತು. ಮೂರು ದಿನ ಪೆಟ್ಟಿಗೆಗಳ ಮೇಲೆ ಸರಸ ಒಗೆದ ಬಟ್ಟೆ ಮಡಚಿಟ್ಟರು.

ನಾಲ್ಕನೆಯ ದಿನ ಬೆಳಿಗ್ಗೆ ಸರಸ ಅಲ್ಲಿ ಗುಡಿಸುತ್ತಿದ್ದರು. ಗಂಡನ ಸಪ್ಪೆ ಮುಖ ನೋಡಲಾಗದೆ ತಾವೇ ಆ ಹಾಡನ್ನು ಹಾಕಿದ್ದರು. ಪೊರಕೆಗೆ ವಯರು ಸಿಕ್ಕಿ ಎಡಗಡೆಯ ಪೆಟ್ಟಿಗೆ ಬಂದಾಯಿತು. ಅದೇ ಕ್ಷಣ ಬಲಗಡೆಯ ಪೆಟ್ಟಿಗೆಯಿಂದ "ಧೀಂ" ಎಂದು ಒಂದು ಪೆಟ್ಟು ಹೊರಟಿತು. ಒಳಕೋಣೆಯಲ್ಲಿದ್ದ ವಿಷ್ಣುಮೂರ್ತಿ ಓಡಿಬಂದರು.

"ಎಂತ ಮಾಡ್ದೆ ನೀ?"

"ಎಂತದೂ ಮಾಡ್ಲಿಲ್ಲೆ ಮಾರಾಯ್ರೆ! ವಯರ್ ಕಿತ್ತ್ ಬಂತ್. ಬೈಬೇಡಿ."

"ಬೈತಿಲ್ಲೆ. ತಡಿ, ಹಾಂಗೇ ಇರ್ಲಿ."

ಒಂದು ಪೆಟ್ಟಿಗೆ ಹಾಡಿದರೆ ಇರುವ ನಾದ, ಎರಡೂ ಹಾಡಿದರೆ ಇಲ್ಲ. ಇದೆಂಥ ಲೆಕ್ಕ? ಅವರು ರಟ್ಟಿನ ಚೂರು ಹುಡುಕಿ ಮುದುಕನಿಗೆ ಫೋನು ಮಾಡಿದರು. ಅವನಿಗೆ ಎರಡೇ ಮಾತಿನಲ್ಲಿ ಅರ್ಥವಾಯಿತು. "ಸಾರ್, ವಯರು ಮಾತ್ತಿ ಕುಡುತ್ತಿಟ್ಟೀಂಗ. ಸೆವಪ್ಪು ಸೆವಪ್ಪುಲ, ಕರುಪ್ಪು ಕರುಪ್ಪುಲ!" ಎಂದ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕಿತ್ತು. ಒಂದೇ ಬಣ್ಣದ ವಯರಾದ್ದರಿಂದ ಒಂದು ಪೆಟ್ಟಿಗೆಗೆ ತಿರುವುಮುರುವಾಗಿತ್ತು. ಒಂದು ಗಾಳಿಯನ್ನು ಮುಂದೆ ದೂಡುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ತಗ್ಗಿನ ಸ್ವರವೆಲ್ಲ ಇವೆರಡರ ನಡುವೆಯೇ ಅಳಿಸಿಹೋಗುತ್ತಿತ್ತು.

ಅವರು ಎಡಗಡೆಯ ಪೆಟ್ಟಿಗೆಯ ವಯರನ್ನು ಅದಲುಬದಲು ಮಾಡಿ ಮತ್ತೆ ಜೋಡಿಸಿದರು. ಸರಸ ಪೊರಕೆ ಬದಿಗಿಟ್ಟು ಜಮಖಾನದ ಮೇಲೆ ಕೂತರು.

ಹಾಡು ಮೊದಲಿನಿಂದ ಶುರುವಾಯಿತು, ಝಂಪೆ ತಾಳ, ಹತ್ತು ಎಣಿಕೆಯ ನಿಧಾನದ ನಡೆ. ಭಾಗವತರ ಸಾಲಿನ ಕೆಳಗೆ, ನೆಲಕ್ಕೆ ತಾಗಿ ಹರಿಯುವ ನೀರಿನ ಹಾಗೆ ಮದ್ದಳೆ ಬಂತು. ಬಲಗೈಯ ಚುರುಕು, ಅದರ ಹಿಂದೆ ಎಡಗೈಯ ಧೀಂಕಾರ. ಆ ಧೀಂಕಾರ ಬಂದು ಎದೆಗೂಡಿಗೆ ತಾಗಿ ನಿಲ್ಲುತ್ತಿತ್ತು. ವಿಷ್ಣುಮೂರ್ತಿ ಕಣ್ಣು ಮುಚ್ಚಿದರು. ಹದಿನೆಂಟರ ಆ ಹುಡುಗ ಇಷ್ಟು ಚೆನ್ನಾಗಿ ಬಾರಿಸುತ್ತಿದ್ದನೇ?

"ಇದ್ ನೀವಾ?" ಎಂದರು ಸರಸ, ಮೆಲ್ಲಗೆ.

ಅವರು ಕೈಯೆತ್ತಿ ತಡೆದರು. ಮೂರನೆಯ ಪದ್ಯ ಬರುತ್ತಿತ್ತು.

ಆ ಮೂರನೆಯ ಪದ್ಯದಲ್ಲೇ ಅವರ ಬದುಕು ಬೇರೆ ಕಡೆ ತಿರುಗಿದ್ದು. ಸಭೆಯ ಎದುರು ಕೈ ತಪ್ಪಿ, ತಾಳ ಕೈಬಿಟ್ಟುಹೋಗಿ, ಮದ್ದಳೆ ನಿಂತೇಬಿಟ್ಟಿತ್ತು. ಆಗ ಭಾಗವತರು ಅದೇ ಸಾಲನ್ನು ಮತ್ತೆ ಹಾಡಿದ್ದರು, ಜಾಗಟೆಯನ್ನು ಜೋರಾಗಿ ಬಡಿದಿದ್ದರು. ತನ್ನ ತಪ್ಪನ್ನು ಸಭೆಗೆಲ್ಲ ಎತ್ತಿ ತೋರಿಸಿದರು ಎಂದೇ ಹುಡುಗ ತಿಳಿದ. ಮುಗಿದ ಮೇಲೆ ಅವರ ಮುಖ ನೋಡದೆ ಮಳೆಯಲ್ಲೇ ಮನೆಗೆ ಓಡಿದ. ಮತ್ತೆ ಅವರ ಜಗಲಿ ಹತ್ತಲಿಲ್ಲ. ಹದಿನೈದು ದಿನದಲ್ಲಿ ಮದ್ರಾಸಿನ ಹೋಟೆಲಿನಲ್ಲಿದ್ದ ಚಿಕ್ಕಪ್ಪ ಬಂದು, "ಬತ್ಯಾ ಮಾಣಿ?" ಎಂದು ಕೇಳಿದಾಗ ಅಪ್ಪ ಉತ್ತರ ಹೇಳುವ ಮೊದಲೇ ಅವನು "ಬತ್ತೆ" ಎಂದಿದ್ದ. ಯಾರೂ ಕಳಿಸಿದ್ದಲ್ಲ, ತಾನೇ ಹೊರಟದ್ದು. ಅದನ್ನು ನೆನೆದಾಗಲೆಲ್ಲ ಕಾವಲಿಯ ಎದುರೂ ಅವರ ಮೈ ತಣ್ಣಗಾಗುತ್ತಿತ್ತು.

ಈಗ ಆ ಜಾಗ ಬಂತು. ಎಡಗೈ ಒಂದು ಪೆಟ್ಟು ತಡವಾಯಿತು. ಬಲಗೈ ಗಾಬರಿಯಾಯಿತು. ಮದ್ದಳೆ ನಿಂತಿತು. ನೆನಪಿನಲ್ಲಿ ಆ ಮೌನಕ್ಕೆ ಕೊನೆಯೇ ಇರಲಿಲ್ಲ. ಪೆಟ್ಟಿಗೆಯಿಂದ ಕೇಳಿದಾಗ ಅದು ಒಂದು ಉಸಿರಿನಷ್ಟು. ಭಾಗವತರು ಸಾಲನ್ನು ಮತ್ತೆ ಎತ್ತಿದರು, ಈ ಸಲ ಕೊಂಚ ನಿಧಾನವಾಗಿ. ಜಾಗಟೆ ಜೋರಾಯಿತು ನಿಜ, ಆದರೆ ಅದು ಬೈಗುಳದ ಜೋರಲ್ಲ. ಕತ್ತಲೆಯಲ್ಲಿ ಬರುವವನಿಗೆ ಅಂಗಳದಿಂದ ದೀಪ ಎತ್ತಿ ಹಿಡಿದ ಹಾಗೆ, ತಾಳದ ಒಂದೊಂದು ಮೆಟ್ಟಿಲನ್ನೂ ಅವರು ಹುಡುಗನಿಗೆ ತೋರಿಸುತ್ತಿದ್ದರು. ಎಡಗೈ ಒಮ್ಮೆ ಮುಟ್ಟಿ ನೋಡಿತು. ಮತ್ತೊಮ್ಮೆ. ಮೂರನೆಯ ಪೆಟ್ಟಿಗೆ ದಾರಿ ಸಿಕ್ಕಿತು. ಸಿಕ್ಕಿದ ಕೂಡಲೇ, ಹಾಡಿನ ನಡುವೆಯೇ, ಪಕ್ಕದಲ್ಲಿರುವವನಿಗೆ ಮಾತ್ರ ಎಂಬಂತೆ ಭಾಗವತರು "ಹ್ಞಾಂ, ಬಾ" ಎಂದರು.

ಅದು ಅಂದು ಅವರಿಗೆ ಕೇಳಿರಲಿಲ್ಲ. ಕಿವಿಯಲ್ಲಿ ರಕ್ತದ ಸದ್ದೇ ತುಂಬಿತ್ತು. ಫೋನಿನ ಸಣ್ಣ ಸ್ಪೀಕರಿನಲ್ಲೂ ಆ ತಗ್ಗಿದ ದನಿ ಬಂದಿರಲಿಲ್ಲ.

ವಿಷ್ಣುಮೂರ್ತಿ ಮುಖ ಮುಚ್ಚಿಕೊಂಡು ಅತ್ತರು. ಸರಸ ಹತ್ತಿರ ಸರಿದು ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಕೂತರು.

ಮಧ್ಯಾಹ್ನ ಊಟವಾದ ಮೇಲೆ ಅವರು ಹರಿದಾಸರಿಗೆ ಫೋನು ಮಾಡಿ ಎಲ್ಲ ಹೇಳಿದರು.

"ನೀ ಹಾಂಗ್ ಎಣ್ಸಿದ್ಯಾ? ಅಯ್ಯೋ ಪಾಪ," ಎಂದರು ಹರಿದಾಸರು. "ಆ ಕ್ಯಾಸೆಟ್ ಎಲ್ಲಿತ್ತ್ ಗೊತ್ತಿತ್ತಾ ನಿಂಗೆ? ಭಾಗವತ್ರ ಮನೆಯಗೆ. ಕಲೂಕೆ ಬಂದ ಮಕ್ಳಿಗೆಲ್ಲ ಅದನ್ನ ಹಾಕಿ ಕೇಳ್ಸುದ್. 'ತಪ್ಪುದ್ ದೊಡ್ಡ ಸಂಗ್ತಿ ಅಲ್ಲ, ಈ ಮಾಣಿ ವಾಪಾಸ್ ಬಂದದ್ದ್ ಹ್ಯಾಂಗೆ ಕೇಣಿ' ಅಂತ ಹೇಳುದ್. ಹಾಕಿ ಹಾಕಿ ಅದ್ರ ರೀಲ್ ಸವ್ದ್ ಹೋಯಿತ್ತ್."

"ನನ್ ಸುದ್ದಿ ಕೇಳ್ತಿದ್ರಾ?"

"ಕೇಳ್ತಿದ್ರ್. ಸುರೂ ಸುರೂಗೆ. ರಜೆಯಗೆ ಬಂದ್ರೆ ಕಳ್ಸ್ ಅಂದ್ರ್. ನೀ ಬಂದ್ರೂ ಆ ಬದಿಗೆ ಹೋತಿರ್ಲಿಲ್ಲೆ ಅಲ್ದಾ. ಮತ್ತೆ ಕೇಣುದ್ ಬಿಟ್ರ್."

ಭಾಗವತರು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಊರಿಗೆ ಹೋದಾಗಲೆಲ್ಲ ಆ ಮನೆಯ ಬೇಲಿ ಕಂಡರೆ ಬೇರೆ ದಾರಿ ಹಿಡಿದದ್ದು ವಿಷ್ಣುಮೂರ್ತಿಗೆ ಒಂದೊಂದಾಗಿ ನೆನಪಾಯಿತು. ಎಷ್ಟು ಸಲ? ಅಣ್ಣನ ಮದುವೆಗೆ ಒಮ್ಮೆ, ಅಪ್ಪನ ಕಾರ್ಯಕ್ಕೆ ಒಮ್ಮೆ, ವೀಕ್ಷಾಳ ಹೆಸರಿಡಲು ಹೋದಾಗ ಒಮ್ಮೆ. ಭಾಗವತರು ಜಗಲಿಯಲ್ಲೇ ಕೂತಿದ್ದಿರಬಹುದು.

ಅವರ ಮಗಳು ಜಯಲಕ್ಷ್ಮೀ ಈಗ ಆ ಮನೆಯಲ್ಲಿದ್ದಾರೆ, ಮದ್ದಳೆಯನ್ನು ಬಟ್ಟೆ ಸುತ್ತಿ ಹಾಗೇ ಇಟ್ಟಿದ್ದಾರೆ, ಮುಚ್ಚಿಗೆ ಒಣಗಿದೆ ಎಂದು ಹರಿದಾಸರು ಹೇಳಿದರು. ವಿಷ್ಣುಮೂರ್ತಿ ತಮ್ಮ ಕೈಗಳನ್ನು ನೋಡಿಕೊಂಡರು. ಎಡಗೈಯ ಉಂಗುರ ಬೆರಳು ಹಿಂದೊಮ್ಮೆ ಕಾವಲಿಗೆ ತಾಗಿ ಸುಟ್ಟದ್ದು, ಪೂರ್ತಿ ಮಡಚುವುದಿಲ್ಲ. ಇನ್ನು ಬಾರಿಸುವ ಮಾತಿಲ್ಲ. ಆದರೂ ಹೋಗಬೇಕು, ಆ ಮನೆಯ ಮೆಟ್ಟಿಲು ಹತ್ತಬೇಕು ಎಂದುಕೊಂಡರು. ಸರಸರಿಗೆ ಹೇಳಿದಾಗ ಅವರು, "ನಾನೂ ಬತ್ತೆ. ದೀಪಾವಳಿಗೆ ಹೋಪ," ಎಂದರು.

ಸಂಜೆ ವೀಕ್ಷಾ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸರಸ ಎಲ್ಲ ಸುದ್ದಿ ಹೇಳಿ ಮುಗಿಸಿದ್ದರು. ಅವಳು ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಹಾಡು ಶುರುವಾಯಿತು. ಸ್ವಲ್ಪ ಕೇಳಿ, "ಇದ್ರಲ್ಲಿ ಎದು ಪಾ ನೀಂಗ?" ಎಂದಳು. ಅವಳಿಗೆ ಹಾಡು, ತಾಳ, ಮದ್ದಳೆ ಎಲ್ಲವೂ ಒಂದೇ ಗದ್ದಲ, ಅಪ್ಪ ಯಾವುದೆಂದು ಗೊತ್ತಾಗಲಿಲ್ಲ.

ವಿಷ್ಣುಮೂರ್ತಿ ಅವಳ ಕೈಹಿಡಿದು ಮರದ ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ ಇಟ್ಟರು. ಮರ ಮೆಲ್ಲಗೆ ಅದುರುತ್ತಿತ್ತು.

"ಇದ್. ಈಗ ಬಂತಲಾ, ಇದ್ ಎಡಗೈ. ನಿಂಗಿಂತ ಹತ್ ವರ್ಷ ಚಿಕ್ಕವ ಆಗ."

ಮೂರನೆಯ ಪದ್ಯದ ಹೊತ್ತಿಗೆ ಅವಳ ಇನ್ನೊಂದು ಕೈಯ ಬೆರಳು ಜಮಖಾನದ ಮೇಲೆ ತಾಳ ಹುಡುಕುತ್ತಿತ್ತು. ಹುಡುಕಿ ತಪ್ಪುತ್ತಿತ್ತು. ವಿಷ್ಣುಮೂರ್ತಿ ಅದನ್ನು ನೋಡುತ್ತಾ, "ಹತ್ ಲೆಕ್ಕ ಹಾಕ್," ಎಂದು ತಗ್ಗಿದ ದನಿಯಲ್ಲಿ ಹೇಳಿ, ಅವಳಿಗೆ ಕೇಳುವಷ್ಟೇ ಮೆಲ್ಲಗೆ ಎಣಿಸತೊಡಗಿದರು.